ಹಾರುಬೆಕ್ಕು ನೆಂಟರ ಮನೆಗೆ ಹೋದದ್ದು

ಮಕ್ಕಳೇ, ಕಾಡಿನ ನಡುವೆ ಒಂದು ಹಳೆಯ ಮತ್ತಿ ಮರ. ಅದರ ಪೊಟರೆಯಲ್ಲಿ ತುಪ್ಪಳಣ್ಣನ ವಾಸ. ಅವನು ಅಳಿಲಿನ ಜಾತಿಯೇ, ಆದರೆ ಗಾತ್ರ ದೊಡ್ಡದು, ಮೈತುಂಬ ಮೆತ್ತನೆಯ ತುಪ್ಪಳ. ಕೈಕಾಲು ಚಾಚಿ ನೆಗೆದನೆಂದರೆ ಪಕ್ಕೆಯ ಸಡಿಲು ಚರ್ಮ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಈ ಮರದಿಂದ ಆ ಮರಕ್ಕೆ ತೇಲಿಕೊಂಡೇ ಹೋಗುತ್ತಿದ್ದ.

ಒಂದು ಸಂಜೆ ಜೇನು ಕೀಳಲು ಬಂದ ಮಾರ ತಲೆ ಎತ್ತಿ ನೋಡಿದ. ಮಬ್ಬು ಬೆಳಕು. ದುಂಡು ಮುಖ, ಉದ್ದ ಬಾಲ, ಗಾಳಿಯಲ್ಲಿ ಸುಂಯ್!

"ಅಬ್ಬಬ್ಬಾ! ಬೆಕ್ಕು ಹಾರ್ತಿದೆಯಲ್ಲಪ್ಪೋ! ಹಾರುಬೆಕ್ಕು!" ಎಂದು ಕೂಗುತ್ತ ಊರ ದಾರಿ ಹಿಡಿದ.

ಹೊಸ ಹೆಸರು ಹುಟ್ಟಿದ್ದು ಹೀಗೆ. ತುಪ್ಪಳಣ್ಣನ ತಲೆ ತಿರುಗಿದ್ದೂ ಹೀಗೆಯೇ.

"ಏನೋ ತುಪ್ಪಳಣ್ಣ, ಹಣ್ಣು ತಿಂದೆಯಾ?" ಎಂದಳು ಪಕ್ಕದ ಕೊಂಬೆಯ ಕೆಂಜಳಿಲು ಕೆಂಚಕ್ಕ.

"ಹಾಗೆಲ್ಲ ಕರೀಬೇಡ. ನಾನು ಹಾರುಬೆಕ್ಕು. ಹುಲಿ ನನಗೆ ದೊಡ್ಡಪ್ಪ ಆಗಬೇಕು, ಗೊತ್ತಾ?"

ಕೆಂಚಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಾಯಿ ಕೊರೆಯೋ ಹಲ್ಲು ಇಟ್ಕೊಂಡು ಹುಲಿಯ ನೆಂಟಸ್ತನವೇ? ಅಳಿಲು, ಇಲಿ, ಹೆಗ್ಗಣ, ನಾವೆಲ್ಲ ಒಂದೇ ಬಳಗ ಕಣೋ. ಮಾರನಿಗೆ ಮಬ್ಬಿನಲ್ಲಿ ಸರಿಯಾಗಿ ಕಾಣಲಿಲ್ಲ, ಅಷ್ಟೇ."

"ಹೆಗ್ಗಣವೇ! ಥೂ! ನಿನಗೆ ಹೊಟ್ಟೆಕಿಚ್ಚು. ನಾನು ನಮ್ಮವರ ಮನೆಗೇ ಹೋಗ್ತೀನಿ."

ಹೊರಟೇಬಿಟ್ಟ. ಕೆಂಚಕ್ಕನಿಗೆ ಜೀವ ತಡೆಯದೆ ಅವಳೂ ಹಿಂದೆಯೇ ಓಡಿದಳು.

ಎತ್ತರದ ಮರವೊಂದರ ಕವಲಿನಲ್ಲಿ ಕಾಡುಬೆಕ್ಕು ಮೈ ನೆಕ್ಕಿಕೊಳ್ಳುತ್ತ ಕೂತಿತ್ತು. ತುಪ್ಪಳಣ್ಣ ಅದರ ಮುಂದೆಯೇ ಇಳಿದ.

"ನಮಸ್ಕಾರ ಮಾವ! ನಾನು ಹಾರುಬೆಕ್ಕು. ನಿಮ್ಮ ಪೈಕಿಯೇ."

ಕಾಡುಬೆಕ್ಕು ಒಂದು ಕಣ್ಣು ತೆರೆಯಿತು. "ಬಾ ಅಳಿಯ, ಬಾ. ಸರಿಯಾಗಿ ಊಟದ ಹೊತ್ತಿಗೇ ಬಂದೆ."

"ಏನು ಅಡುಗೆ ಮಾವ?"

"ಹೆಗ್ಗಣ."

"ಎಲ್ಲಿ, ಕಾಣ್ತಾ ಇಲ್ಲ?"

"ಈಗ ತಾನೇ ನಮಸ್ಕಾರ ಅಂತು!"

ಬೆಕ್ಕು ಮೈ ಕುಗ್ಗಿಸಿತು. ತುಪ್ಪಳಣ್ಣನೋ, ಓಡುವುದು ಬಿಟ್ಟು ಬೆಕ್ಕಿನ ಹಾಗೆಯೇ ಬೆನ್ನು ಬಾಗಿಸಿ ಹೆದರಿಸಲು ನಿಂತ. ಮಿಯಾಂವ್ ಎನ್ನಹೋದರೆ ಬಾಯಿಂದ ಬಂದದ್ದು "ಚಿರ್ರ್!"

"ಲೋ ಮಂಕೇ!" ಮೇಲಿನ ಕೊಂಬೆಯಿಂದ ಕೆಂಚಕ್ಕ ಕಿರುಚಿದಳು. "ಬೆಕ್ಕು ಬಿಡೋ! ಹಾರು!"

ಪಂಜ ಎರಗಿತು. ತುಪ್ಪಳಣ್ಣ ಕಣ್ಣು ಮುಚ್ಚಿ ನೆಗೆದ. ಚರ್ಮ ಬಿಚ್ಚಿಕೊಂಡಿತು, ಗಾಳಿ ಎತ್ತಿಕೊಂಡಿತು. ರೊಚ್ಚಿಗೆದ್ದ ಕಾಡುಬೆಕ್ಕೂ ಹಿಂದೆಯೇ ನೆಗೆಯಿತು, ನೇರವಾಗಿ ಮುಳ್ಳುಪೊದೆಗೆ! ಅದು ಬೈದ ಬೈಗುಳ ಮಕ್ಕಳ ಕತೆಯಲ್ಲಿ ಬರೆಯುವಂಥದ್ದಲ್ಲ.

ಆಚೆ ಮರದಲ್ಲಿ ತುಪ್ಪಳಣ್ಣ ಏದುಸಿರು ಬಿಡುತ್ತ ಕೂತ. ಕೆಂಚಕ್ಕನೂ ಬಂದು ಸೇರಿದ ಮೇಲೆ ನಗು ಬಂತು. ಇಬ್ಬರೂ ಕೊಂಬೆ ಅಲುಗುವಷ್ಟು ನಕ್ಕರು.

"ಹಾಗಾದರೆ ಆ ಹೆಸರು ಬೇಡವೇನೋ?" ಎಂದಳು ಕೆಂಚಕ್ಕ.

"ಇರಲಿ ಬಿಡಕ್ಕ. ಅದರಲ್ಲಿ 'ಬೆಕ್ಕು' ಮಾರನ ಕಣ್ಣಿನದು. 'ಹಾರು' ಮಾತ್ರ ನನ್ನದೇ!"

ನೀತಿ: ಊರು ಕೊಟ್ಟ ಹೆಸರಿಗೆ ಉಬ್ಬಬೇಡ, ಮೈಯಲ್ಲಿರುವ ವಿದ್ಯೆಯನ್ನು ಮರೆಯಬೇಡ.