ರಾಣಿಗೆ ರೆಕ್ಕೆ ಬಂದ ಆಟ

“ಗಂಟಲು ಒಡೆದವಳು ರಂಗವೇರಬಹುದೇ, ಅಜ್ಜಾರೇ?” ಎಂದು ಫಕೀರವ್ವ ಕೇಳಿದಳು. ಹತ್ತು ವರ್ಷ ಬಯಲಾಟದಲ್ಲಿ ರಾಣಿಯ ಪಾತ್ರ ಮಾಡಿದವಳು. ಜ್ವರ ಬಂದು ಹೋದ ಮೇಲೆ ಅವಳ ದನಿ ಒಡಕು ಮಡಕೆಯಾಗಿತ್ತು. ನಾಳೆಯೇ ಆಟ. ಗೆಜ್ಜೆಯನ್ನು ಬೇರೊಬ್ಬಳಿಗೆ ಬಿಟ್ಟುಕೊಡಬೇಕೇ ಎಂಬುದು ಇಂದೇ ತೀರ್ಮಾನವಾಗಬೇಕಿತ್ತು.

ಅವಳಿಗೆ ಆಟ ಕಲಿಸಿದ ಯಮನೂರಜ್ಜ ಮೀಸೆ ತೀಡಿದ. “ಹಿಂದೆ ಗ್ರೀಕರ ದೇಶದಲ್ಲಿ ಬೆಟ್ಟದ ಮೈಗೆ ಮೆಟ್ಟಿಲು ಕಡಿದು ಹಾಡಹಗಲೇ ಆಟ ಆಡುತ್ತಿದ್ದರಲ್ಲ, ಅಲ್ಲಿ ಮೂರನೆಯ ಮೆಟ್ಟಿಲ ಮೇಲೆ ನಾನೂ ಕುಳಿತಿದ್ದೆ. ಎಡಬಲಕ್ಕೆ ಕುಳಿತವರೆಲ್ಲ ತೀರಿಕೊಂಡರು. ಇಲ್ಲದಿದ್ದರೆ ಅವರನ್ನೇ ಕೇಳಬಹುದಿತ್ತು.”

ಫಕೀರವ್ವ ನಗು ನುಂಗಿದಳು. ಅಜ್ಜ ಕತೆ ಹೇಳಿದ.

ಅಲ್ಲಿ ಒಬ್ಬ ನಟನಿದ್ದ. ಮುಖವಾಡ ಬದಲಿಸಿ ಅವನೇ ರಾಣಿಯಾಗುತ್ತಿದ್ದ, ಅವನೇ ದೂತನಾಗುತ್ತಿದ್ದ. ಅಂದಿನ ಆಟದಲ್ಲಿ, ಮಗುವನ್ನು ಕಳೆದುಕೊಂಡ ರಾಣಿ ಅತ್ತು ಅತ್ತು ಹಕ್ಕಿಯಾಗಬೇಕು. ಆದರೆ ಅಂಥದ್ದನ್ನು ಕಣ್ಣೆದುರು ತೋರಿಸುವ ಪದ್ಧತಿ ಅವರಲ್ಲಿಲ್ಲ. ರಾಣಿ ಒಳಗೆ ಹೋಗುತ್ತಾಳೆ. ದೂತ ಹೊರಬಂದು, ಹೀಗೆ ರೆಕ್ಕೆ ಮೂಡಿತು, ಹೀಗೆ ಹಾರಿದಳು ಎಂದು ನೂರು ಸಾಲು ಹೇಳುತ್ತಾನೆ.

ರಾಣಿಯಾಗಿ ನಟ ಎಷ್ಟು ಅತ್ತನೆಂದರೆ, ಒಳಗೆ ಹೋಗುವಷ್ಟರಲ್ಲಿ ಗಂಟಲು ಕಟ್ಟಿಹೋಯಿತು. ಗಾಬರಿಯಲ್ಲಿ ಮುಖವಾಡ ಬದಲಿಸುವುದನ್ನೂ ಮರೆತ. ದೂತ ಬರಬೇಕಾದಲ್ಲಿ ರಾಣಿಯೇ ಮರಳಿ ಬಂದಳು. ಬಾಯಿ ತೆರೆದರೆ ಮಾತಿಲ್ಲ.

“ಬರೀ ಕೀಂ… ಕಿಚ್… ಕೀಂ!” ಅಜ್ಜ ಕೂಗಿಯೇ ತೋರಿಸಿದ. ಫಕೀರವ್ವ ತನಗರಿವಿಲ್ಲದೆ ಕತ್ತೆತ್ತಿ ಮೇಲೆ ನೋಡಿದಳು.

ಪಂದ್ಯಕ್ಕೆ ಬಂದಿದ್ದ ಎದುರು ಮೇಳದವನೊಬ್ಬ, “ಮುಗಿಯಿತು ಇವನ ಆಟ, ಮನೆಗೆ ಹೋಗಿ ಕಷಾಯ ಕುಡಿಯಲಿ!” ಎಂದು ಚಪ್ಪಾಳೆ ತಟ್ಟಿದ. ಆಗ ಒಬ್ಬ ಕುರಿಗಾಹಿ ಎದ್ದುನಿಂತ. “ಸುಮ್ಮನಿರಯ್ಯ! ರಾಣಿಗೆ ರೆಕ್ಕೆ ಬಂತು!”

ಹದಿನೈದು ಸಾವಿರ ಜನ ಒಮ್ಮೆಗೇ ಕತ್ತೆತ್ತಿ ಆಕಾಶ ನೋಡಿದರು. ಹಿಮ್ಮೇಳದವರು ಹಕ್ಕಿಗಳಂತೆ ಉಲಿಯುತ್ತ ಕುಣಿದರು. ಅಳಲೆಂದೇ ಬಂದ ಊರು ಕೇಕೆ ಹಾಕಿ ನಕ್ಕಿತು. ಗೆದ್ದವನಿಗೆ ತೊಡಿಸುವ ಹಸಿರು ಬಳ್ಳಿಯ ಕಿರೀಟ ಆ ನಟನ ತಲೆಯೇರಿತು.

“ಬೆಟ್ಟದ ಹಕ್ಕಿಗಳೆಲ್ಲ ಬಂದು ಅವನ ಹೆಗಲ ಮೇಲೆ ಕುಳಿತವು,” ಎಂದ ಅಜ್ಜ. “ಎರಡನ್ನು ನಾನೇ ಹುಶ್ ಎಂದು ಓಡಿಸಿದೆ.”

ಫಕೀರವ್ವ ತಡೆಯಲಾರದೆ ನಕ್ಕುಬಿಟ್ಟಳು. “ಅಜ್ಜಾರೇ, ಅದು ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು. ನಿಮಗಿನ್ನೂ ಎಂಬತ್ತು ತುಂಬಿಲ್ಲ. ಸಿಕ್ಕಿಬಿದ್ದಿರಿ!”

ಅಜ್ಜ ಹೆಗಲು ಕುಣಿಸಿದ.

“ಇದ್ದೀತು ಯವ್ವಾ, ಆದರೆ ಈ ಹಲ್ಲಿಲ್ಲದ ಮುದುಕ ಕೀಂ ಎಂದಾಗ ನೀನು ಕತ್ತೆತ್ತಿ ನೋಡಿದ್ದು ಯಾರನ್ನು?”