ಅರಮನೆಯೂ ಸಾಲದ ಬಯಲು

"ಕೇಳಿರಿ, ಕಣಿವೆದುರ್ಗದ ಜನರೇ. ಸೋಮಭೂಪ ದೊರೆಗಳು ಮೂರು ಒಗಟು ಇಟ್ಟಿದ್ದಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರನ್ನು ಕೋಟೆಯ ಹಿಂದಿನ ಹಾಳುಬಾವಿಗೆ ನೂಕಲಾಗುತ್ತದೆ. ಅವರ ಹೆಣವನ್ನು ಯಾರೂ ಎತ್ತಕೂಡದು."

ಎಳೆಯ ಯುವರಾಜ ಜ್ವರದಲ್ಲಿ ತೀರಿಕೊಂಡ ವರ್ಷ ಈ ಡಂಗುರ ಶುರುವಾಯಿತು. ಅಂದಿನಿಂದ ಅರಮನೆಯಲ್ಲಿ ಸಾವಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ದೊರೆಗೆ ಅಮಂಗಳ ಎಂದು ಆಸ್ಥಾನದವರೇ ಮಾಡಿಕೊಂಡ ಕಟ್ಟಳೆ ಅದು.

ಬುಟ್ಟಿ ಹೆಣೆಯುವ ದ್ಯಾಮನಿಗೆ ರಾಜ್ಯದ ಆಸೆ ಇರಲಿಲ್ಲ. ಅವನ ಅಣ್ಣ ಹಾಲಪ್ಪ ಒಗಟಿನಲ್ಲಿ ಸೋತು ಆ ಬಾವಿಯ ತಳದಲ್ಲಿದ್ದ. ಹೆಣ ಮಣ್ಣಾಗುವ ತನಕ ಮನೆಯಲ್ಲಿ ಒಲೆ ಹೊತ್ತಿಸಬಾರದೆಂಬುದು ಅವರ ಕುಲದ ನಡವಳಿಕೆ. ನೆರೆಯವರು ಕೊಟ್ಟ ಗಂಜಿಯಲ್ಲಿ ಜೀವ ಹಿಡಿದಿದ್ದ ತಾಯಿ ಈಗ ಅದನ್ನೂ ಒಲ್ಲೆನೆನ್ನುತ್ತಿದ್ದಳು. ತಾನೂ ಸೋತರೆ ಅವಳಿಗೆ ಯಾರೂ ಇಲ್ಲವೆಂದು ಗೊತ್ತಿದ್ದೇ ದ್ಯಾಮ ಕೋಟೆ ಹತ್ತಿದ.

ಅವನಿಗಿಂತ ಮುಂದೆ ಇಬ್ಬರಿದ್ದರು. ದಳವಾಯಿಯ ಮಗ ತಿರುಗಿ ನೋಡಿ, "ಏನೋ, ಬಾವಿಗೆ ಇಳಿಯೋಕೆ ಬುಟ್ಟಿ ತಂದಿದ್ದೀಯೇನೋ?" ಎಂದು ನಕ್ಕ.

ಉತ್ತರವನ್ನು ದೊರೆಯ ಕಿವಿಯಲ್ಲಿ ಹೇಳಬೇಕು. ಸರಿಯಾದರೆ ದೊರೆ ತಲೆಯಾಡಿಸುತ್ತಾನೆ. ತಪ್ಪಾದದ್ದನ್ನು ಮಾತ್ರ ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ.

"ಕುಂಬಾರ ಮಾಡುವುದಿಲ್ಲ, ಮಡಕೆ ಕೊಳ್ಳುವವನು ಅದನ್ನೇ ಕೊಳ್ಳುತ್ತಾನೆ. ಏನದು?"

ದಳವಾಯಿಯ ಮಗ ಬಾಗಿ ಪಿಸುಗುಟ್ಟಿದ. "ಮಡಕೆ ಸುಡುವ ಆವಿಗೆಯ ಬೆಂಕಿಯಂತೆ," ಎಂದ ದೊರೆ. ಅವನನ್ನು ಎಳೆದೊಯ್ದರು. ಅವನು ಬಿದ್ದ ಸದ್ದು ತಡವಾಗಿ ಕೇಳಿಸಿತು.

ಮುಂದಿನವನು ಆಸ್ಥಾನದ ಪಂಡಿತ. ಮೊದಲನೆಯದಕ್ಕೆ ದೊರೆ ತಲೆಯಾಡಿಸಿ ಎರಡನೆಯದನ್ನು ಕೇಳಿದ. "ಬೆಟ್ಟ ಬಂದು ನಿಂತರೆ ಬೇಡವೆನ್ನುವುದಿಲ್ಲ, ಬೆಟ್ಟ ಕರಗಿಹೋದರೆ ಅಳುವುದಿಲ್ಲ. ಏನದು?" ಅದಕ್ಕೂ ತಲೆಯಾಡಿಸಿದ. ಸಭೆಗೆ ಉಸಿರು ಬಂತು.

"ಇದ್ದಾಗ ಮಂಚದ ಒಂದು ಮೂಲೆ ಸಾಕಾಗಿತ್ತು. ಇಲ್ಲವಾದ ಮೇಲೆ ಅರಮನೆಯೂ ಸಾಲದಾಯಿತು. ಏನದು?"

ಪಂಡಿತ ಕೈಮುಗಿದು ಕಿವಿಗೆ ಬಾಗಿದ. ದೊರೆ ಕಣ್ಣು ಮುಚ್ಚಿಕೊಂಡ. "ನನ್ನ ತಾತನ ಕೀರ್ತಿಯಂತೆ. ಕರೆದುಕೊಂಡು ಹೋಗಿ."

ದ್ಯಾಮನ ಸರದಿ ಬಂತು. ಮೊದಲೆರಡು ಒಗಟಿಗೆ ದೊರೆ ತಲೆಯಾಡಿಸಿದ. ಮೂರನೆಯದಕ್ಕೆ ದ್ಯಾಮ ತನ್ನ ಗುಡಿಸಲನ್ನು ನೆನೆದ. ಆಮೇಲೆ ಬಾಗಿ ಹೇಳಿದ. ದೊರೆ ತಲೆಯಾಡಿಸಲಿಲ್ಲ, ಬಾಯನ್ನೂ ತೆರೆಯಲಿಲ್ಲ. ಕಾವಲಿನವರು ದ್ಯಾಮನ ತೋಳಿಗೆ ಕೈಹಾಕಿದರು.

"ಬಿಡಿ," ಎಂದ ದೊರೆ. "ಮೂರನ್ನೂ ಗಟ್ಟಿಯಾಗಿ ಹೇಳು."

"ಕುಂಬಾರ ತಟ್ಟೋದು ಮಣ್ಣು, ಬುದ್ಧಿ. ಕೊಳ್ಳೋರು ಕೊಳ್ಳೋದು ಒಳಗಿನ ಬಯಲು. ಎರಡನೇದೂ ಬಯಲೇ. ಬೆಟ್ಟಕ್ಕೆ ಜಾಗ ಕೊಡುತ್ತೆ, ಬೆಟ್ಟ ಹೋದರೆ ಅದಕ್ಕೇನೂ ಆಗೋದಿಲ್ಲ. ಮೂರನೇದೂ ಬಯಲೇ, ಆದರೆ ಹಾಗಲ್ಲ. ನಿಮ್ಮ ಮಗ ಸತ್ತ. ಅವನು ಮಲಗುತ್ತಿದ್ದ ಜಾಗ ಬೆಳೀತಾ ಹೋಯಿತು. ನಮ್ಮಲ್ಲೂ ಹಾಗೇ. ಅಣ್ಣ ಕೂತು ಬುಟ್ಟಿ ಹೆಣೆಯುತ್ತಿದ್ದ ಕಡೆ ಅವ್ವ ಕಾಲಿಡೋದಿಲ್ಲ, ಸುತ್ತಿ ಓಡಾಡ್ತಾಳೆ. ಈಗ ಅವಳಿಗೆ ಮನೆಯೊಳಗೆ ಎಲ್ಲೂ ನೆಲ ಇಲ್ಲ."

ಸಭೆಯಲ್ಲಿ ಯಾರೂ ತಲೆ ಎತ್ತಲಿಲ್ಲ.

"ನಿನ್ನ ಅಣ್ಣ ಎಲ್ಲಿ?"

"ನಿಮ್ಮ ಬಾವಿಯಲ್ಲಿ, ಬುದ್ಧಿ."

ದೊರೆ ಈಗ ತಲೆಯಾಡಿಸಿ, "ಬೇಡಿಕೋ," ಎಂದ. ಅರ್ಧ ರಾಜ್ಯ ಕೇಳು ಎಂದು ಮಂತ್ರಿ ಸನ್ನೆ ಮಾಡಿದ. ದ್ಯಾಮ ಹೆಣವನ್ನು ಕೇಳಿದ.

ಹಗ್ಗ ಹಿಡಿದು ಅವನೇ ಬಾವಿಗಿಳಿದ. ತಳದಲ್ಲಿ ಯಾರು ಯಾರೆಂದು ತಿಳಿಯುವಂತಿರಲಿಲ್ಲ. ಎಲ್ಲರನ್ನೂ ಎತ್ತಬೇಕಾಯಿತು. ಮೇಲಿನಿಂದ ದೊರೆಯೇ ಹಗ್ಗ ಎಳೆದ. ಅಂಗೈ ಸುಲಿದರೂ ಬೇರೆಯವರ ಕೈಗೆ ಕೊಡಲಿಲ್ಲ. ಬಿದಿರಿನ ಸಿಬಿರು ಸೀಳಿದ ಹೆಬ್ಬೆರಳಿನ ಗುರುತಿನಿಂದ ಹಾಲಪ್ಪ ಸಿಕ್ಕಿದ. ಡಂಗುರ ಅಲ್ಲಿಗೆ ನಿಂತಿತು.

ದ್ಯಾಮ ಅಣ್ಣನನ್ನು ಬೆನ್ನ ಮೇಲೆ ಹೊತ್ತು ಕಣಿವೆಗಿಳಿದ. ಬಾಗಿಲಲ್ಲಿ ಕೂತಿದ್ದ ತಾಯಿ, "ಬಂದೆಯಾ, ಹಾಲಪ್ಪ," ಎಂದು ಗೋಡೆ ಹಿಡಿದು ಎದ್ದಳು. ಗುದ್ದಲಿ ಎತ್ತಿಕೊಂಡು ತಾನೇ ಮುಂದೆ ನಡೆದಳು. ಗುಣಿ ಮುಚ್ಚಿ, ಮಣ್ಣನ್ನು ಕಾಲಿನಿಂದ ತುಳಿದು ಸಮ ಮಾಡಿದ ಮೇಲೆ ಅವಳು ಅತ್ತಳು.