ಮೂರು ಎಲೆ ಅರಳು

“ಕೇಳಿರಪ್ಪೋ ಕೇಳಿ! ಮೂಡಗೋಟೆಯ ಕೇತರಸರ ಅಪ್ಪಣೆ! ಸಾಕುಮಗಳು ಸೇಮಿಗೆ ನಮ್ಮ ಮಾತು ಕಲಿಸಿದವರಿಗೆ ಅರ್ಧ ರಾಜ್ಯ! ಕಲಿಸಲು ಬಂದವರು ಅವಳ ಮೂರು ಒಗಟು ಬಿಡಿಸಬೇಕು. ಒಂದು ತಪ್ಪಿದರೂ ತಲೆ ಹೋಯಿತು!”

ಡಂಗುರದವನಿಗೇನು, ಹೊಡೆದು ಮುಂದಿನ ಬೀದಿಗೆ ಹೋದ. ಹೋಗುವ ತಲೆ ಅವನದಲ್ಲವಲ್ಲ.

ಸೇಮಿ ಕಡಲ ನಡುವಿನ ದ್ವೀಪದವಳು. ಅವಳಪ್ಪ ಕೇತರಸನ ಗೆಳೆಯ. ಅವನು ಹಡಗು ಮುಳುಗಿ ಸತ್ತಾಗ, ಮಕ್ಕಳಿಲ್ಲದ ಅರಸ ಅವಳನ್ನು ತಂದು ಸಾಕಿದ. ಏಳು ವರ್ಷವಾದರೂ ಅವಳಿಗೆ ನಮ್ಮ ಮಾತು ಬರಲಿಲ್ಲ. ಬರುವುದಾದರೂ ಹೇಗೆ? ಅವಳ ಮಾತು ತಿಳಿದವನು ದುಭಾಷಿ ಒಬ್ಬನೇ. ಅವಳು ಕಲಿತರೆ ತನ್ನ ಅನ್ನಕ್ಕೆ ಕಲ್ಲು ಬೀಳುತ್ತದೆ ಅಂತ ಆ ಮಹಾರಾಯ ಒಂದು ಪದ ಹೇಳಿಕೊಡಲಿಲ್ಲ. ಅರಸನಿಗೋ ಇದ್ದದ್ದು ಒಂದೇ ಆಸೆ: ಅವಳ ಬಾಯಲ್ಲಿ ಒಂದು ಸಲ ‘ಅಪ್ಪಾ’ ಅನ್ನಿಸಿಕೊಳ್ಳಬೇಕು.

ಹೊಸ ಗುರುವಿಗೆ ಶಿಷ್ಯರು ಒಗಟು ಹಾಕುವುದು ಅವಳ ನಾಡಿನ ಪದ್ಧತಿ. ತಲೆಯ ಮಾತು ಮಾತ್ರ ಅರಸನದು. “ಅರಸುಮಗಳ ಒಗಟು ಅಂದರೆ ಹುಡುಗಾಟವೇ?” ಅಂತ ತಾನೇ ಸೇರಿಸಿದ. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ.

ಮೊದಲ ಒಗಟನ್ನು ದುಭಾಷಿ ಹೇಳಿದ: “ಬಾಯಿಲ್ಲ, ಆದರೂ ನಿನಗೂ ನನಗೂ ಒಂದೇ ಮಾತು ಹೇಳುತ್ತದೆ. ಏನದು?”

ತರ್ಕ ಓದಿದ ಶಾಸ್ತ್ರಿಗಳು “ಗ್ರಂಥ” ಅಂದರು. ಸೇಮಿ ನಕ್ಕು ತಲೆಯಾಡಿಸಿದಳು. ಮಾರನೆಯ ವಾರ ವೀಣೆಯವನು “ಸಂಗೀತ” ಅಂದ. ಅದೂ ಅಲ್ಲ. ಆಮೇಲೆ ಬಂದ ತರುಣ “ಕಣ್ಣೀರು” ಅಂದ. ಪಾಪ, ಸಭೆಯೆಲ್ಲ ಇದೇ ಸರಿ ಅಂದುಕೊಂಡಿತು. ದುಭಾಷಿಯ ಬಾಯಲ್ಲಿ ಸೇಮಿ ಹೇಳಿಸಿದಳು: “ಅದು ದುಃಖಕ್ಕೂ ಬರುತ್ತದೆ, ಈರುಳ್ಳಿ ಹೆಚ್ಚಿದರೂ ಬರುತ್ತದೆ.” ಮೂವರನ್ನೂ ನಗುತ್ತಲೇ ಕಳಿಸಿಕೊಟ್ಟಳು.

ಕೋಟೆಯ ಪಡುವಣ ಗೋಡೆಯ ಹತ್ತಿರ ಅವರ ತಲೆ ಕಡಿದರು. ಪ್ರತಿ ಸಲವೂ ಗೋಡೆಯ ಕಲೆ ಮುಚ್ಚಲು ಕರೆಸಿದ್ದು ಸಣ್ಣೀರನನ್ನು. ಸುಣ್ಣ ಬಳಿಯುವ ಬಡವ. ಬಳಿದ, ಕೊಟ್ಟ ರಾಗಿ ಕಟ್ಟಿಕೊಂಡ, ಬಾಯಿ ಮುಚ್ಚಿಕೊಂಡು ಮನೆಗೆ ಹೋದ. ಮೂರು ಸಲವೂ ಹಾಗೇ ಮಾಡಿದ.

ಒಂದು ದಿನ ಅರಮನೆಯ ಅಂಗಳಕ್ಕೆ ಸುಣ್ಣ ಬಳಿಯುವಾಗ ನೋಡುತ್ತಾನೆ, ಸೇಮಿ ಜಗಲಿಯ ಮೇಲೆ ಮೂರು ಎಲೆ ಹಾಕಿ, ಒಂದೊಂದರಲ್ಲೂ ಭತ್ತದ ಅರಳು ಇಟ್ಟು ಬಾಗಿಲ ಕಡೆ ನೋಡುತ್ತ ಕಾಯುತ್ತಿದ್ದಾಳೆ. ಸಂಜೆಗೆ ಅದನ್ನು ಗುಬ್ಬಿಗಳಿಗೆ ಹಾಕಿದಳು. ಮಾರನೆಯ ದಿನ ಮತ್ತೆ ಮೂರು ಎಲೆ.

“ಅಯ್ಯೋ ಶಿವನೇ, ಆ ಮೂವರು ಸತ್ತದ್ದು ಈ ಮಗುವಿಗೆ ಗೊತ್ತೇ ಇಲ್ಲ!” ಅಂದ ಸಣ್ಣೀರ. ಇನ್ನೊಂದು ಸಲ ಆ ಗೋಡೆಗೆ ಸುಣ್ಣ ಬಳಿಯಲಾರೆ ಅನ್ನಿಸಿತು. ನೆಟ್ಟಗೆ ಸಭೆಗೆ ಹೋಗಿ, ನಾನು ಕಲಿಸುತ್ತೇನೆ ಅಂತ ನಿಂತ.

“ನೀನು ಓದಿದ್ದೀಯೇನೋ?” ಅಂದ ಅರಸ.

“ಇಲ್ಲ ಬುದ್ಧಿ. ಗೋಡೆ ಮೇಲೆ ಕೆಮ್ಮಣ್ಣಲ್ಲಿ ಚಿತ್ರ ಬರೀತೀನಿ, ಅಷ್ಟೇ.”

ಅದೇ ಒಗಟು ಬಂತು. ಸಣ್ಣೀರ ಕೆಮ್ಮಣ್ಣು ಕೈಗೆತ್ತಿಕೊಂಡ. ಗೋಡೆಯ ಮೇಲೆ ಒಂದು ಹಸು, ಮೊಲೆಗೆ ಬಾಯಿ ಹಾಕಿದ ಒಂದು ಕರು ಬರೆದ. ಸೇಮಿ ಅವಳ ಮಾತಲ್ಲಿ ಏನೋ ಅಂದಳು. ಇವನು “ಕರು” ಅಂದ. ಅವಳೂ “ಕರು” ಅಂದಳು. ಬಾಯಿಲ್ಲದೆ ಇಬ್ಬರಿಗೂ ಮಾತಾಡಿದ್ದು ಚಿತ್ರ.

ದುಭಾಷಿ ಮುಖ ಗಂಟು ಹಾಕಿಕೊಂಡು ಎರಡನೆಯದನ್ನು ಹೇಳಿದ: “ಒಂದು ಹೆಜ್ಜೆಯನ್ನೂ ಇಡದೆ ನನ್ನನ್ನು ನನ್ನ ಮನೆಗೆ ಕರೆದೊಯ್ಯಬೇಕು. ಹೇಗೆ?”

ಸಣ್ಣೀರ ನೆಲದ ಮೇಲೆ ಮರಳು ಹರಡಿದ. ಕೋಟೆ ಬರೆದ, ಹೊಳೆ ಬರೆದ, ಹೊಳೆ ಕಡಲಿಗೆ ಸೇರುವಲ್ಲಿ ಕಡ್ಡಿಯನ್ನು ಅವಳ ಕೈಗೆ ಕೊಟ್ಟ. ಅವಳು ಕಡಲು ದಾಟಿದಳು. ದ್ವೀಪ ಬಂತು, ದಾರಿ ಬಂತು, ಬಾವಿ ಬಂತು, ಬಾವಿಯ ಪಕ್ಕ ಒಂದು ಮನೆ ಬಂತು. ಅಲ್ಲಿ ಕಡ್ಡಿ ನಿಂತಿತು, ಅವಳು ಬಿಕ್ಕಿ ಅತ್ತಳು. ಅದು ಭೂಪಟ.

“ಮೂರನೆಯದನ್ನು ನಾನೇ ಕೇಳುತ್ತೇನೆ, ನಿಮ್ಮ ಮಾತಲ್ಲೇ. ಕಲಿಯಲು ನಾಲ್ಕು ತಿಂಗಳು ಬೇಕು,” ಅಂತ ಹೇಳಿಸಿದಳು. ಅರಸ ಹಿಗ್ಗಿ ಒಪ್ಪಿದ.

ನಾಲ್ಕು ತಿಂಗಳು ಅರಮನೆಯ ಗೋಡೆಗಳೇ ಪಾಠದ ಹಲಗೆ. ‘ಅಪ್ಪ’ ಅನ್ನುವ ಪದವನ್ನು ಸಣ್ಣೀರ ಮೊದಲ ವಾರವೇ ಕಲಿಸಿದ. ಕೋಟೆ ಕಟ್ಟಿದವರು ಯಾರು, ಕೆರೆ ತೋಡಿಸಿದವರು ಯಾರು, ಹಿಂದೆ ನಡೆದ ಕತೆಯನ್ನೆಲ್ಲ ಬರೆದು ತೋರಿಸಿದ. ಪಡುವಣ ಗೋಡೆ ಬಂದಾಗ ಮಾತ್ರ ಕೈ ನಿಲ್ಲುತ್ತಿತ್ತು. ಹೇಳಬೇಕು ಅಂತಲೇ ಬಂದವನು, ಜೀವದಾಸೆಗೆ ದಿನವೂ ನುಂಗಿಕೊಂಡ.

ಗಡುವಿನ ದಿನ ಸಭೆ ತುಂಬಿತು. ಸೇಮಿ ಎದ್ದು ನಿಂತು, ತಡೆದು ತಡೆದು ಕೇಳಿದಳು: “ಮೂವರು ಬಂದರು. ಬಾಗಿಲು ದಾಟಿ ಹೋದರು. ನಾನು ದಿನವೂ ಅರಳು ಇಟ್ಟು ಕಾಯುತ್ತೇನೆ. ಊರಿಗೆ ಹೋದರು ಅನ್ನುತ್ತಾನೆ ದುಭಾಷಿ. ಗುರುಗಳೇ, ಅವರು ಎಲ್ಲಿದ್ದಾರೆ?”

ಸಭೆಯಲ್ಲಿ ಎಲ್ಲರಿಗೂ ಉತ್ತರ ಗೊತ್ತು, ಒಬ್ಬರೂ ತಲೆ ಎತ್ತಲಿಲ್ಲ. ಅರಸ ಸಣ್ಣೀರನನ್ನೇ ಕೆಕ್ಕರಿಸಿ ನೋಡಿದ. ಸುಳ್ಳಾಡಿದರೆ ಅರ್ಧ ರಾಜ್ಯ, ನಿಜ ಹೇಳಿದರೆ ತಲೆ.

ಸಣ್ಣೀರ ಮರಳು ಹರಡಿದ. ಅರಮನೆ ಬರೆದ, ಬಾಗಿಲು ಬರೆದ, ಪಡುವಣ ಗೋಡೆ ಬರೆದ. “ಇಲ್ಲಿದ್ದಾರೆ ತಾಯಿ, ಮಣ್ಣಡಿ. ಒಗಟು ತಪ್ಪಿದ್ದಕ್ಕೆ ತಲೆ ಹೊಡೆದರು. ಕಲೆ ಮುಚ್ಚಿದವನು ನಾನೇ. ಮೊದಲ ಸಲವೇ ಬಾಯಿ ಬಿಟ್ಟಿದ್ದರೆ ಇನ್ನಿಬ್ಬರು ಉಳಿಯುತ್ತಿದ್ದರು.”

ಸೇಮಿ ಆ ಮರಳಿನ ಗೋಡೆಯ ಹತ್ತಿರ ಕೂತಳು. “ನಮ್ಮಲ್ಲಿ ಸೋತ ಗುರುವಿಗೆ ಒಂದು ಹಿಡಿ ಅರಳು ಕೊಡುತ್ತೇವೆ,” ಅಂದಳು. “ತಿಂದು, ನಕ್ಕು, ನಾಳೆ ಮತ್ತೆ ಬರುತ್ತಾರೆ. ನಿಮ್ಮ ಮಾತು ನನಗೆ ಮೊದಲೇ ಬಂದಿದ್ದರೆ ನಾನು ಒಗಟು ಕೇಳುತ್ತಲೇ ಇರಲಿಲ್ಲ.”

ಅರಸ ಕತ್ತಿಯ ಮೇಲಿದ್ದ ಕೈ ತೆಗೆದ. ಏಳು ವರ್ಷ ಜೊತೆಗಿದ್ದೂ ನಿಮ್ಮ ಪದ್ಧತಿ ಏನಮ್ಮ ಅಂತ ಒಂದು ದಿನ ಕೇಳಿದವನಲ್ಲ. ದುಭಾಷಿಯನ್ನು ಊರು ಬಿಡಿಸಿದ, ತಲೆಯ ಕಟ್ಟಳೆ ತೆಗೆದ, ಸಣ್ಣೀರನಿಗೆ ಅರ್ಧ ರಾಜ್ಯ ಅಂದ. ಸಣ್ಣೀರ ಬೇಡಿದ್ದು ಪಡುವಣ ಗೋಡೆಯೊಂದನ್ನೇ. ಗುರುವೂ ಶಿಷ್ಯೆಯೂ ಸೇರಿ ಅಲ್ಲಿ ಮೂವರ ಚಿತ್ರ ಬರೆದು, ಓದು ಬಲ್ಲವರಿಂದ ಕೆಳಗೆ ಹೆಸರು ಬರೆಸಿದರು. ಕಣ್ಣೀರು ಅಂದ ತರುಣನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಆ ಜಾಗ ಖಾಲಿ ಉಳಿಯಿತು.

ಸೇಮಿ ಆಮೇಲೆ ಊರವರ ಹಾಗೇ ಮಾತಾಡಿದಳು. ದಿನವೂ ಅರಸನ ಊಟಕ್ಕೆ ತಾನೇ ಬಡಿಸುತ್ತಿದ್ದಳು. “ಇನ್ನೂ ಸ್ವಲ್ಪ ಹಾಕಲೇ, ಅರಸರೇ?” ಅಂತ ಕೇಳುತ್ತಿದ್ದಳು. ಅವನು ಸಾಯುವವರೆಗೂ ಹಾಗೆಯೇ ಕೇಳಿದಳು.